ಗಾಜಿನ ಪೆಟ್ಟಿಗೆಯ ಪಾಚಿ

ಪಾಚಿ ಎಂದರೆ ಬಚ್ಚಲಲ್ಲಿ ಕಾಲು ಜಾರಿಸುವಂಥದ್ದು ಎಂದಷ್ಟೇ ನನಗೆ ಗೊತ್ತಿತ್ತು. ಹೊಸ ಸೊಸೆಯ ಮಾನವನ್ನೂ ಅದು ಜಾರಿಸಬಲ್ಲದು ಎಂದು ತಿಳಿದದ್ದು ಗುಂಡ್ಲುಪೇಟೆಗೆ ಬಂದ ಮೇಲೆ.

ಐವತ್ತರ ದಶಕ ಅದು. ಚಾಮರಾಜನಗರದಿಂದ ಮದುವೆಯಾಗಿ ಹೊರಟಾಗ ಪಾತ್ರೆ, ಸೀರೆಗಳ ಜೊತೆ ಒಂದು ಗಾಜಿನ ಪೆಟ್ಟಿಗೆಯನ್ನೂ ತಂದಿದ್ದೆ. ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದ ಸಾಹೇಬರೊಬ್ಬರು ತಗಡಿನ ಅಂಚಿಗೆ ಗಾಜು ಕೂರಿಸಿ ಮಾಡಿದ್ದು. ಮೇಷ್ಟರಾಗಿದ್ದ ನಮ್ಮಪ್ಪ ಶಾಲೆಯ ಮಕ್ಕಳಿಗೆ ತೋರಿಸಲೆಂದು ಮಾಡಿಸಿ, ನಾನು ಆಸೆಪಟ್ಟೆನೆಂದು ನನಗೇ ಕೊಟ್ಟುಬಿಟ್ಟಿದ್ದರು. ತಳಕ್ಕೆ ಮರಳು, ಅದರಲ್ಲಿ ಕೆರೆಯಿಂದ ತಂದ ಉದ್ದೆಲೆಯ ನೀರುಗಿಡಗಳು, ನಡುವೆ ಬೆರಳುದ್ದದ ಏಳೆಂಟು ಮೀನು. ತವರಿನದು ಅಂತ ಆ ಮನೆಯಲ್ಲಿ ನನಗಿದ್ದದ್ದು ಅದೊಂದೇ. ಉಳಿದದ್ದೆಲ್ಲ ಬಂದ ವಾರದೊಳಗೆ ಎಲ್ಲರದೂ ಆಗಿತ್ತು.

ಮಾವ ಕಾಳಿನ ವ್ಯಾಪಾರಿ, ಶಿವಭಕ್ತರು. ಮನೆಗೆ ಬರುವವರೆಲ್ಲ ಲಿಂಗ ಕಟ್ಟಿದವರೇ. ಅಂಥ ಮನೆಯ ನಡುವಿನ ತೊಟ್ಟಿಯಂಗಳದ ಪಕ್ಕದಲ್ಲಿ ಮೀನು ಓಡಾಡುತ್ತಿದ್ದದ್ದು ಊರಿಗೆಲ್ಲ ತಮಾಷೆ. ಆದರೂ ನೀರು ತಿಳಿಯಾಗಿದ್ದಷ್ಟು ದಿನ ಮಾವ ಬಂದವರಿಗೆಲ್ಲ ತಾವೇ ತೋರಿಸಿ ಮೀಸೆ ತೀಡಿಕೊಂಡರು. ಆಮೇಲೆ ಗಾಜು ಹಸಿರಾಗತೊಡಗಿತು. ಗಿಡದ ಎಲೆಗಳಿಗೆ ಕೂದಲಿನಂಥ ಪಾಚಿ ಸುತ್ತಿಕೊಂಡಿತು, ನೀರು ನಾರತೊಡಗಿತು.

ಆ ಕಾಲದಲ್ಲಿ ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ಇದ್ದರೂ ಅತ್ತೆಗೆ ಹೇಳಿದರು, "ನಿನ್ ಸೊಸೆಗೆ ಯೋಳು. ಶಿವರಾತ್ರಿಗೆ ನೆಂಟ್ರು ಬತ್ತಾರೆ. ಅಷ್ಟ್ರಲ್ಲಿ ನೀರು ತಿಳಿಯಾಗ್ನಿಲ್ಲ ಅಂದ್ರೆ ಮೀನ ಕೆರೆಗೆ ಬುಟ್ಟು ಪೆಟ್ಟಿಗೆಯ ಅಂಗ್ಡಿಗೆ ಕಳ್ಸು. ಬೆಲ್ಲ ಮಡಗಕ್ಕಾಯ್ತದೆ."

ಬೆಲ್ಲ ಇಡಲು ನನ್ನ ಪೆಟ್ಟಿಗೆಯೇ ಬೇಕಿತ್ತೇ? ಪಾಚಿಗೂ ನನಗೂ ಜಿದ್ದು ಬಿತ್ತು. ತೆಂಗಿನ ನಾರಿನಲ್ಲಿ ಗಾಜು ಉಜ್ಜಿದೆ. ಬಾವಿಯ ನೀರು ಸೇದಿ ಸೇದಿ ಬದಲಾಯಿಸಿದೆ. ತೊಟ್ಟಿಯ ಬಿಸಿಲು ಬೀಳದಂತೆ ಹಳೆಯ ಸೀರೆ ಕಟ್ಟಿದೆ. ಗಾಜಿನ ಪಾಚಿ ಮೇಯಲಿ ಎಂದು ಕೆರೆಯಿಂದ ಬಸವನಹುಳು ತರಿಸಿ ಬಿಟ್ಟೆ. ಎರಡು ದಿನ ಸುಮ್ಮನಿದ್ದು ಪಾಚಿ ಮತ್ತೆ ತಲೆಯೆತ್ತುತ್ತಿತ್ತು. ಶಿವರಾತ್ರಿ ಹತ್ತಿರ ಬಂದ ಹಾಗೆಲ್ಲ ನನಗೆ ಊಟ ಸೇರದಾಯಿತು.

ಒಂದು ಬೆಳಿಗ್ಗೆ ನೀರಿನ ಮೇಲೆ ಬಿಲ್ವದ ಎಲೆಯೊಂದು ತೇಲುತ್ತಿತ್ತು. ಗಾಳಿಗೆ ಬಂದಿರಬೇಕು ಎಂದುಕೊಂಡೆ. ಮರುದಿನ ಬಾವಿಗೆ ಹೊರಟವಳು ಹಗ್ಗ ಮರೆತು ಹಿಂದಕ್ಕೆ ಬಂದರೆ, ಪೂಜೆ ಮುಗಿಸಿದ ಅತ್ತೆ ಬಟ್ಟಲನ್ನು ನನ್ನ ಪೆಟ್ಟಿಗೆಯೊಳಗೆ ಬಗ್ಗಿಸುತ್ತಿದ್ದರು. ನೀರಿನಲ್ಲಿ ಬೆಳ್ಳನೆಯ ಎಳೆ ಇಳಿಯಿತು. ಹಾಲು.

"ಏನತ್ತೆ ಇದು?" ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅವರು ಬೆಚ್ಚಿದರು. "ಪೂಜೆ ನೀರು ಕಣಮ್ಮಿ. ಪಾಚಿ ಓಗ್ಲಿ ಅಂತ ದಿನಾ ಬುಡ್ತಾ ಇವ್ನಿ. ಯೋಳ್ಬುಟ್ರೆ ಪಲ ಓಯ್ತದೆ ಅಂತ ಸುಮ್ಕಿದ್ದೆ."

ಮೂಗಿನ ತುದಿಗೆ ಬಂದಿದ್ದ ಕೋಪ ಅಲ್ಲೇ ಕರಗಿತು. ಅಪ್ಪನ ಶಾಲೆಯಲ್ಲಿದ್ದಾಗ, ಮಕ್ಕಳು ಅನ್ನ ಉದುರಿಸಿದಾಗಲೆಲ್ಲ ಈ ಪೆಟ್ಟಿಗೆ ಹಸಿರಾಗುತ್ತಿದ್ದದ್ದು ನೆನಪಾಯಿತು. ಹಾಲು ಕೊಳೆತು ಪಾಚಿಗೆ ಗೊಬ್ಬರವಾಗುತ್ತಿದೆ. ಆದರೆ ಲಿಂಗಕ್ಕೆ ಎರೆದ ನೀರನ್ನು ಗೊಬ್ಬರ ಎನ್ನುವುದು ಹೇಗೆ?

"ಅತ್ತೆ, ಶಿವನಿಗೆ ಭೇದ ಇಲ್ವಲ್ಲ," ಎಂದೆ. "ಗಿಡ ಯಾವ್ದು, ಪಾಚಿ ಯಾವ್ದು ಅಂತ ನೋಡ್ದೆ ಎಲ್ಲಕ್ಕೂ ಒಳ್ಳೇದು ಮಾಡ್ಬುಟ್ಟವ್ನೆ."

ಅತ್ತೆ ನೀರನ್ನು ನೋಡಿದರು, ಬಟ್ಟಲನ್ನು ನೋಡಿದರು. "ಅಂಗಾರೆ ಇಷ್ಟ್ ದಿನ ಪಾಚಿಯ ಸಾಕ್ದೋಳು ನಾನೇ ಅನ್ನು," ಎಂದವರು ನಗು ತಡೆಯಲಾರದೆ ಕಂಬಕ್ಕೊರಗಿ ಕೂತರು. ನಾನೂ ನಕ್ಕೆ. ಆ ಮನೆಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

ಅಂದಿನಿಂದ ಪೂಜೆಯ ನೀರು ಹಿತ್ತಲ ಬಿಲ್ವದ ಗಿಡಕ್ಕೆ ಹೋಯಿತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ಮರಳು ತೊಳೆದು, ಪಾಚಿ ಹಿಡಿದ ಎಲೆಗಳನ್ನು ಚಿವುಟಿದೆವು. ಮೀನೆಂದರೆ ಮಾರು ದೂರ ನಿಲ್ಲುತ್ತಿದ್ದ ಅತ್ತೆ, ಮೀನು ತುಂಬಿದ ಬಿಂದಿಗೆಯನ್ನು ಮುಖ ಆಚೆ ತಿರುಗಿಸಿಕೊಂಡೇ ಹಿಡಿದಿದ್ದರು.

ಶಿವರಾತ್ರಿಗೆ ನೆಂಟರು ಬಂದಾಗ ತಳದ ಮರಳಿನ ಕಾಳು ಕಾಳೂ ಕಾಣುತ್ತಿತ್ತು. ಮಾವ ಬಗ್ಗಿ ನೋಡಿ, "ಇರ್ಲಿ ಬುಡು," ಎಂದರು, ಗೋಡೆಗೆ ಹೇಳಿದ ಹಾಗೆ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಒರಳುಕಲ್ಲು ಇಳಿದಂತಾಯಿತು.

ನೆಂಟರೆಲ್ಲ ಹೊರಟ ಮೇಲೆ ಅತ್ತೆಯನ್ನು ಕೇಳಿದೆ, ಈ ಮೀನುಗಳಿಗೆ ನೀವೇಕೆ ಇಷ್ಟು ಒದ್ದಾಡಿದಿರಿ ಎಂದು.

"ನಾನು ಮದ್ವೆಯಾಗಿ ಹಂಗಳದಿಂದ ಬರೋವಾಗ ಒಂದು ಗಿಣಿ ತಂದಿದ್ದೆ ಕಣಮ್ಮಿ," ಎಂದರು. "ಕಿರುಚ್ತದೆ ಅಂತ ನಮ್ಮಾವ ಯಾರ್ಗೋ ಕೊಟ್ಬುಟ್ರು. ನಮ್ಮತ್ತೆ ಅಲ್ಲೇ ನಿಂತಿದ್ರು. ಒಂದ್ ಮಾತಾಡ್ನಿಲ್ಲ."

ಗಾಜಿನ ಮೇಲೆ ಯಾವುದೋ ಮಗುವಿನ ಕೈಗುರುತು ಉಳಿದಿತ್ತು. ಸೆರಗಿನಿಂದ ಅದನ್ನು ಒರೆಸಿ, ಅತ್ತೆ ಒಲೆ ಹಚ್ಚಲು ಒಳಗೆ ಹೋದರು.