ಐದನೇ ತಿರುವಿನ ಕ್ಯಾನು

ಬೆಳಗಿನ ಐದೂವರೆ. ಎಲೋಯ್ಸಾ ಬಾರೇಲಾ ನೀರಿನ ಲಾರಿ ನಿಲ್ಲಿಸಿ, ಐದನೇ ತಿರುವಿನ ಬಂಡೆಯ ಹಿಂದೆ ಬಗ್ಗಿ ನೋಡುತ್ತಾರೆ. ನಿನ್ನೆ ಇಟ್ಟ ಕ್ಯಾನು ಇಲ್ಲ. ಸುತ್ತಲಿನ ಮುಳ್ಳುಪೊದೆಗಳ ನಡುವೆ ಕೂಗುತ್ತಾ ಅರ್ಧ ಗಂಟೆ ಅಲೆಯುತ್ತಾರೆ. ಯಾರೂ ಓಗೊಡುವುದಿಲ್ಲ. "ಮತ್ತೆ ಗುಡಿಸ್ಕೊಂಡು ಹೋಗಿದಾರೆ ಪುಣ್ಯಾತ್ಮರು" ಎಂದು ಗೊಣಗಿ ಇನ್ನೊಂದನ್ನು ಇಡುತ್ತಾರೆ.

ಮರುಭೂಮಿಯ ನಡುವಿನ, ಐವತ್ನಾಲ್ಕು ಜನರ ನಮ್ಮ ಹಳ್ಳಿ ಪಿಯೆದ್ರಾ ಸೋಲಾದಲ್ಲಿ ಬಾವಿಯಿಲ್ಲ. ನಲವತ್ತು ಮೈಲಿಯಾಚೆಯಿಂದ ದಿನಕ್ಕೆರಡು ಸಲ ನೀರು ತಂದು ಮನೆಮನೆಯ ತೊಟ್ಟಿ ತುಂಬುವುದು ಅರವತ್ತೊಂದರ ಈ ಹೆಂಗಸಿನ ಕೆಲಸ. ದಾರಿಯ ಹನ್ನೊಂದು ತಿರುವುಗಳಲ್ಲಿ ಹಾಲಿನ ಹಳೇ ಪ್ಲಾಸ್ಟಿಕ್ ಕ್ಯಾನಿಗೆ ನೀರು ತುಂಬಿಡುವುದು ಅವರೇ ಹಚ್ಚಿಕೊಂಡ ಕೆಲಸ. ಗಾಡಿ ಕೆಟ್ಟವರು ಕುಡಿದು, ಖಾಲಿ ಕ್ಯಾನನ್ನು ಬಂಡೆಯ ಮೇಲೆ ಬೋರಲು ಹಾಕಬೇಕು. ಅದು ಕಂಡರೆ ಯಾರೋ ನಡೆದು ಹೊರಟಿದ್ದಾರೆಂದು ಊರು ಹುಡುಕಲು ಹೊರಡುತ್ತದೆ. ಮೂವತ್ತು ವರ್ಷದ ಹಿಂದೆ ಅವರ ಅಣ್ಣ ರಮೀರೊ ಇದೇ ತಿರುವಿನಲ್ಲಿ ನೀರಿಲ್ಲದೆ ಸತ್ತ ಮೇಲೆ ಬಂದ ಪದ್ಧತಿ ಇದು.

ಪಕ್ಕದ ರಾಷ್ಟ್ರೀಯ ಉದ್ಯಾನ ನೋಡಲು ಬರುವವರಿಗೆ ಇದೆಲ್ಲ ಕಸ. ನೀರನ್ನು ನೆಲಕ್ಕೆ ಚೆಲ್ಲಿ, ಕ್ಯಾನು ತುಳಿದು ಚಪ್ಪಟೆ ಮಾಡಿ, ನಮ್ಮೂರ ಅಂಗಡಿಯ ಕಸದ ಡಬ್ಬಿಗೆ ತುಂಬಿ, ಊರು ಚೊಕ್ಕಟವಾಗಿ ಇಟ್ಟುಕೊಳ್ಳಿ ಎಂದು ನಮಗೇ ಬುದ್ಧಿ ಹೇಳಿ ಹೋಗುತ್ತಾರೆ. ಕುಡಿಯುವ ನೀರು, ಚೆಲ್ಲಬೇಡಿ, ಕುಡಿದರೆ ಕ್ಯಾನು ಬಂಡೆಯ ಮೇಲೆ ಬೋರಲು ಹಾಕಿ ಎಂದು ಹಲಗೆ ನೆಟ್ಟರೆ, ನೆನಪಿಗಿರಲೆಂದು ಹಲಗೆಯನ್ನೇ ಕಿತ್ತುಕೊಂಡು ಹೋದರು. ನನಗಂತೂ ಮೈಯೆಲ್ಲ ಉರಿಯುತ್ತದೆ.

ಈ ತಿಂಗಳು ಹತ್ತು ಸಲ ಕ್ಯಾನು ಮಾಯವಾಗಿದೆ. ಹತ್ತು ಸಲವೂ ಎಲೋಯ್ಸಾ ಹುಡುಕಿದ್ದಾರೆ. ಒಂಬತ್ತು ಸಲ ಯಾರೂ ಇರಲಿಲ್ಲ. ಕಳೆದ ಮಂಗಳವಾರ ಇದ್ದರು. ಉರಿಬಿಸಿಲಿನ ಮಧ್ಯಾಹ್ನ ಒಬ್ಬ ಪ್ರವಾಸಿ, ಎಂಟು ವರ್ಷದ ಮಗಳು, ಮೈಲಿ ದೂರದ ಒಣಹಳ್ಳದ ನೆರಳಿನಲ್ಲಿ ಕುಸಿದು ಕೂತಿದ್ದರು. ಕಾರು ಮರಳಲ್ಲಿ ಹೂತು, ಐದನೇ ತಿರುವಿನ ನೀರು ಕುಡಿದು ನಡೆದವರು ದಾರಿ ತಪ್ಪಿದ್ದರು. ಬಂಡೆಯ ಮೇಲೆ ಮಾತ್ರ ಏನೂ ಬಿಟ್ಟಿರಲಿಲ್ಲ.

ಅಂದು ಯಾಕೆ ಹುಡುಕಿದಿರಿ ಎಂದು ಪತ್ರಿಕೆಯ ಈ ಬರಹಕ್ಕಾಗಿ ಕೇಳುತ್ತೇನೆ. "ಕಸ ಅಂತ ಒಯ್ದಿರ್ತಾರೆ, ಹೋಗೋಣ ಅಂತಲೇ ಅನ್ನಿಸ್ತು. ನಮ್ಮಣ್ಣನ ವಿಷಯದಲ್ಲೂ ಹಾಗೇ ಅಂದ್ಕೊಂಡ್ವಿ, ಎಲ್ಲೋ ಕುಡ್ದು ಬಿದ್ದಿರ್ತಾನೆ ಅಂತ. ಅವನು ಎರಡು ದಿನ ಕಾದಿದ್ದ" ಎನ್ನುತ್ತಾರೆ.

ಲಾರಿ ಹತ್ತಿದ ಮೇಲೆ ಆ ಅಪ್ಪ ಚೀಲದಿಂದ ಖಾಲಿ ಕ್ಯಾನು ತೆಗೆದು ಹೆಮ್ಮೆಯಿಂದ ಕೊಟ್ಟನಂತೆ. ದಾರಿಯಲ್ಲಿ ಎಲ್ಲೂ ಎಸೆಯಲಿಲ್ಲ, ಕಸದ ಡಬ್ಬಿ ಎಲ್ಲಿದೆ ಎಂದನಂತೆ. ಎಲೋಯ್ಸಾ ಐದನೇ ತಿರುವಿನಲ್ಲಿ ಲಾರಿ ನಿಲ್ಲಿಸಿ, ಹೀಗೆ ಇಡಬೇಕಿತ್ತು ಎಂದು ಆ ಮಗುವಿನ ಕೈಯಿಂದಲೇ ಕ್ಯಾನನ್ನು ಬಂಡೆಯ ಮೇಲೆ ಬೋರಲು ಹಾಕಿಸಿದರು.

ನಿಮಗೇನು ಬೇಕು ಎಂದರೆ ಅವರ ಆಸೆ ಇಷ್ಟೇ: "ನಮ್ಮೂರನ್ನ ಚೊಕ್ಕಟ ಮಾಡ್ಬೇಡಿ ಅಂತ ಬರೀರಿ ಸ್ವಾಮಿ. ಬರ್ಲಿ, ನೋಡ್ಲಿ. ಕುಡಿದ ಕ್ಯಾನು ಬಿಟ್ಟು ಹೋಗ್ಲಿ. ಅದನ್ನ ಕಂಡ್ರೆ ನಾನು ಬಂದೇ ಬರ್ತೀನಿ."