ಬೀಗಕ್ಕೊಂದು ಕವರು

ವಿನೋಬನಗರದ ನಮ್ಮ ನೆರೆಮನೆಯ ಕಲಾವಿದೆ ಊರಿನ ಅಂದಕ್ಕಾಗಿ ಕ್ರೋಶಾ ಹೆಣೆದರೆಂದು ಪತ್ರಿಕೆ ಬರೆಯಿತು. ಅದು ಸುಳ್ಳು, ನಾನು ಅಲ್ಲಿದ್ದೆ.

ಕ್ರೋಶಾ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದರು ಆಕೆ. ಟಿ.ವಿ.ಗಾಗಲಿ, ಮಿಕ್ಸಿಗಾಗಲಿ, ಕವರು ಹೆಣೆದಾಗಲೆಲ್ಲ ಒಂದೇ ಮಾತು: "ಧೂಳು ಕೂಡಬಾರ್ದಲ್ರೀ."

ಹರಿಹರದ ಮಾರುಕಟ್ಟೆಯೊಂದರಲ್ಲಿ ಹೆಂಗಸರ ಶೌಚಾಲಯವನ್ನು ಕಟ್ಟಿದ ದಿನದಿಂದ ತೆರೆದೇ ಇರಲಿಲ್ಲ. ಅದರ ಬೀಗಕ್ಕೆ ಆಕೆ ಗೊಂಡೆಯಿಟ್ಟ ಕೆಂಪು ಕವರು ತೊಡಿಸಿದರು. "ಇದ್ಯಾಕ್ರೀ?" ಎಂದವರಿಗೂ ಅದೇ ಉತ್ತರ. ನೆರೆದವರೆಲ್ಲ ನಕ್ಕರು. ಸುದ್ದಿ ತಿಳಿದ ನಗರಸಭೆಯ ಅಧಿಕಾರಿ ಶಾಲು ಹಿಡಿದು ಬಂದರು.

"ಕಲೆ ಭಾಳ ಚಂದ ಐತೆ ನೋಡ್ರಿ, ಅಮ್ಮಾ."

"ಶಾಲು ಬ್ಯಾಡ್ರಿ ಸಾಹೇಬ್ರೇ, ಕೀಲಿಕೈ ಕೊಡ್ರಿ."

ಬಲವಂತವಾಗಿ ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಅವರು ಹೊರಟರು. ಆ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸರು ಅಂದೂ ಮನೆ ಸೇರುವವರೆಗೆ ನೀರು ಕುಡಿಯಲಿಲ್ಲ.