ಮೂವತ್ತೊಂದನೇ ನಂಬರಿನ ಅಚ್ಚು

ಸವಣೂರಿನ ಹಳೇ ಪೇಟೆಯ ಹಿಂದಿನ ಓಣಿ. ಬೆಳಗಿನ ಐದೂವರೆಗೇ ಅಲ್ಲೊಂದು ಗ್ಯಾಸ್ ಒಲೆ ಹೊತ್ತಿಕೊಂಡಿದೆ. ದೂರದಿಂದ ನೋಡಿದವರು ಚಹಾ ಎಂದುಕೊಳ್ಳಬೇಕು. ಪಾತ್ರೆಯಲ್ಲಿ ಕುದಿಯುತ್ತಿರುವುದು ಹಲ್ಲು. ಹಿತ್ತಾಳೆಯ ಎರಡು ದಪ್ಪ ಡಬ್ಬಿಗಳನ್ನು ಬಿಗಿಯಾಗಿ ತಿರುಪು ಹಾಕಿ ನೀರಿನಲ್ಲಿ ಇಳಿಬಿಟ್ಟಿದ್ದಾರೆ. ಅವುಗಳ ಒಳಗೆ ಗುಲಾಬಿ ಬಣ್ಣದ ಹಿಟ್ಟು ಗಟ್ಟಿಯಾಗುತ್ತ ಯಾರದೋ ಬಾಯಿಗೆ ಒಸಡಾಗುತ್ತಿದೆ. ಒಲೆಯ ಮುಂದೆ ಕುಳಿತು ಗಡಿಯಾರ ನೋಡುತ್ತಿರುವವರು ಫಕ್ಕೀರೇಶ, ನಲವತ್ತೊಂಬತ್ತು ವರ್ಷ. "ಅವಸರದಾಗ ಕುದಿಸಿದ್ರ ಸೆಟ್ಟಿನೊಳಗ ತೂತು ಬೀಳತಾವ್ರಿ. ಸಾವಕಾಶ ಕುದೀಬೇಕು," ಎನ್ನುತ್ತಾರೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಯಾರಾದರೂ ಹಿರಿಯರು ಕಟ್ಟಿಸಿದ ಹಲ್ಲು ತೋರಿಸಿ ನಕ್ಕರೆ, ಆ ಹಲ್ಲು ಈ ಓಣಿಯಿಂದಲೇ ಹೋಗಿರುವ ಸಂಭವ ಹೆಚ್ಚು. ಅಳತೆ ತೆಗೆಯುವವರು ಡಾಕ್ಟರು, ಬಾಯಿಗೆ ಕೂರಿಸುವವರೂ ಡಾಕ್ಟರು. ನಡುವೆ ಕೂತು ಇಪ್ಪತ್ತೆಂಟು ಹಲ್ಲುಗಳನ್ನು ಮೇಣದಲ್ಲಿ ಒಂದೊಂದಾಗಿ ಜೋಡಿಸುವವರ ಹೆಸರು ರೋಗಿಗಳಿಗೆ ಗೊತ್ತಿಲ್ಲ. ಇಪ್ಪತ್ತಮೂರು ವರ್ಷಗಳಲ್ಲಿ ಫಕ್ಕೀರೇಶ ಹತ್ತಿರ ಹತ್ತಿರ ಆರು ಸಾವಿರ ಸೆಟ್ಟು ಮಾಡಿದ್ದಾರೆ. ನಗು ಹಂಚುವ ಮನುಷ್ಯ ಎಂದು ಪೇಪರಿಗೆ ಬರೆಯಲು ನಾನು ಬಂದಿದ್ದೆ, ತಲೆಬರಹವೂ ಮನಸ್ಸಿನಲ್ಲಿ ತಯಾರಾಗಿತ್ತು. ಅದು ನಿಲ್ಲಲಿಲ್ಲ.

ಏಳೂವರೆಗೆ ಹಾನಗಲ್ಲ ಬಸ್ಸಿನಲ್ಲಿ ಒಂದು ರಟ್ಟಿನ ಡಬ್ಬಿ ಬರುತ್ತದೆ. ಜೊತೆಗೆ ಕೆಲಸ ಮಾಡುವ ನುಜಹತ ಬಸ್‌ಸ್ಟ್ಯಾಂಡಿಗೆ ಹೋಗಿ ತರುತ್ತಾರೆ. ಒಳಗಿರುವುದು ಪೇಪರಿನಲ್ಲಿ ಸುತ್ತಿದ ಪ್ಲಾಸ್ಟರಿನ ಅಚ್ಚುಗಳು. ಡಾಕ್ಟರು ಮೆತ್ತನೆಯ ಹಿಟ್ಟನ್ನು ರೋಗಿಯ ಬಾಯಿಗೆ ಒತ್ತಿ ಅಳತೆ ತೆಗೆದು, ಅದರಲ್ಲಿ ಪ್ಲಾಸ್ಟರ್ ಹೊಯ್ದು ಮಾಡಿದ ಬಾಯಿಯ ನಕಲು. ಫಕ್ಕೀರೇಶ ಒಂದೊಂದನ್ನೇ ಕಿಟಕಿಗೆ ಒಯ್ದು ಬಿಸಿಲಿಗೆ ಓರೆಯಾಗಿ ಹಿಡಿಯುತ್ತಾರೆ, ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಾರೆ. ಎರಡನೆಯದರ ಮೇಲೆ ಬೆರಳು ನಿಲ್ಲುತ್ತದೆ. ಕೆಳದವಡೆಯ ಎಡಬದಿಗೆ, ಒಸಡಿನ ಬುಡದಲ್ಲಿ, ಜೋಳದ ಕಾಳಿನಷ್ಟು ಉಬ್ಬು.

ಇಂಥ ಉಬ್ಬುಗಳು ಈ ಕೆಲಸದಲ್ಲಿ ಮಾಮೂಲು. ಅಳತೆ ತೆಗೆಯುವಾಗ ಗಾಳಿ ಸಿಕ್ಕಿಕೊಂಡರೆ ಅಲ್ಲೊಂದು ಕುಳಿ ಬೀಳುತ್ತದೆ, ಆ ಕುಳಿಯಲ್ಲಿ ಪ್ಲಾಸ್ಟರ್ ತುಂಬಿ ಉಬ್ಬಾಗುತ್ತದೆ. ಹಲ್ಲು ಮಾಡುವವರೆಲ್ಲ ಅದನ್ನು ಚಾಕುವಿನ ತುದಿಯಿಂದ ಕೆರೆದು ಮುಂದೆ ಹೋಗುತ್ತಾರೆ. ಫಕ್ಕೀರೇಶ ಚಾಕು ಮುಟ್ಟುವುದಿಲ್ಲ. ನೀಲಿ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದು, ಹಾನಗಲ್ಲಿನ ಹಲ್ಲಿನ ಡಾಕ್ಟರು ಪ್ರಿಯಂವದಾ ಅವರಿಗೆ ಫೋನ್ ಹಚ್ಚುತ್ತಾರೆ.

"ಡಾಕ್ಟರ್, ಇವತ್ತ ಬಂದ ಎರಡನೇ ಅಚ್ಚಿನ್ಯಾಗ ಎಡಕ್ಕ ಒಂದು ಉಬ್ಬು ಐತ್ರಿ. ಪೇಶೆಂಟನ್ನ ಇನ್ನೊಮ್ಮೆ ಕರಸಿ ನೋಡ್ರಿ."

"ಗಾಳಿ ಇರಬೇಕ್ರಿ ಫಕ್ಕೀರೇಶ. ನಾ ಬಾಯಿ ಪೂರ್ತಿ ನೋಡೇ ಅಳತಿ ತಗೊಂಡೀನಿ."

"ಇರಬಹುದ್ರಿ. ಆದ್ರೂ ಒಮ್ಮೆ ಬಟ್ಟು ಆಡಿಸಿ ನೋಡ್ರಿ. ಅಲ್ಲೀತನ ನಾ ಇದನ್ನ ಮುಟ್ಟೂದಿಲ್ಲ."

ಡಾಕ್ಟರ್ ನಿಟ್ಟುಸಿರು ಬಿಟ್ಟದ್ದು ನನಗೂ ಕೇಳಿಸುತ್ತದೆ. ಮಧ್ಯಾಹ್ನ ಒಂದಕ್ಕೆ ಅವರೇ ಫೋನ್ ಮಾಡುತ್ತಾರೆ. "ಏನೂ ಇಲ್ಲ, ಗಾಳಿನ ಅದ. ನಿಮ್ಮ ಸಲುವಾಗಿ ಆ ಮುದುಕ ಪಾಪ ಮತ್ತ ಬಸ್ ಹತ್ತಿ ಬಂದ." ಫಕ್ಕೀರೇಶ ಖುಷಿಯಿಂದ ಬುತ್ತಿ ಬಿಚ್ಚುತ್ತಾರೆ. "ಬೈಸಿಕೊಂಡ ದಿವಸ ಊಟ ಚಲೋ ಹೋಗತೈತ್ರಿ," ಎನ್ನುತ್ತಾರೆ.

ನುಜಹತ ಫಕ್ಕೀರೇಶ ಅವರ ಕಡೆ ನೋಡಿ ತಲೆ ಅಲ್ಲಾಡಿಸುತ್ತಾರೆ. "ಮೊದಲ ಒಂಬತ್ತು ದವಾಖಾನಿಯವರು ಕೆಲಸಾ ಕೊಡತಿದ್ರು, ಈಗ ಆರು. ಮಾಮಾ ಫೋನ್ ಮಾಡಿ ಮಾಡಿನ ಮೂರು ಹೋದ್ವು. ಹಲ್ಲು ಮಾಡಾಕ ಕೊಟ್ಟೇವಿ, ಡಾಕ್ಟರಕಿ ಮಾಡಾಕಲ್ಲ ಅಂದ್ರು ಒಬ್ಬರು." ಮೂರು ವರ್ಷಗಳಲ್ಲಿ ಹೀಗೆ ಅರವತ್ತಕ್ಕೂ ಹೆಚ್ಚು ಫೋನ್ ಹೋಗಿವೆ. ನಿಜವಾದ ಗಂಟು ಇದ್ದದ್ದು ಎರಡು ಬಾಯಿಗಳಲ್ಲಿ ಮಾತ್ರ. ಅವರಲ್ಲಿ ಚಿಕ್ಕೇರೂರಿನ ಒಬ್ಬ ಹೆಣ್ಣುಮಗಳು ಬೇಗ ಗೊತ್ತಾದದ್ದರಿಂದ ಸಣ್ಣ ಚಿಕಿತ್ಸೆಯಲ್ಲೇ ಪಾರಾಗಿದ್ದಾರೆ.

ಫಕ್ಕೀರೇಶ ಮೂಲತಃ ಯಲವಿಗಿಯವರು. ಅಪ್ಪ ಸ್ಟೇಶನ್ನಿನ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದರು. ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಕೈಕೊಟ್ಟಿತು, ರೈಲು ಹತ್ತಿ ಹುಬ್ಬಳ್ಳಿಯ ಹಲ್ಲಿನ ಲ್ಯಾಬ್ ಒಂದಕ್ಕೆ ಸೇರಿದರು. ಎಂಟು ವರ್ಷ ಬರೀ ಸೆಟ್ಟು ತಿಕ್ಕಿ ನುಣುಪು ಮಾಡುವ ಕೆಲಸ. ಬೆರಳ ತುದಿಯ ಗೆರೆಗಳು ಆಗಲೇ ಅಳಿಸಿಹೋದವು, ಈಗ ಆಧಾರ್ ಮಶೀನು ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಒಸಡು ಮಾಡುವ ಅಕ್ರಿಲಿಕ್ಕಿನ ಪುಡಿ ಉಸಿರಿಗೆ ಸೇರಿ ಬಂದ ಕೆಮ್ಮು ಚಳಿಗಾಲದಲ್ಲಿ ಜೋರಾಗುತ್ತದೆ.

ಇಷ್ಟು ವರ್ಷದಲ್ಲಿ ರೋಗಿಯ ಬಾಯೊಳಗೆ ಅವರು ಇಣುಕಿದ್ದೇ ಇಲ್ಲ. ಆದರೂ ಅಚ್ಚು ನೋಡಿಯೇ ಮನುಷ್ಯನ ಜಾತಕ ಹೇಳುತ್ತಾರೆ. ಈ ಅಚ್ಚಿನವರು ರಾತ್ರಿ ಹಲ್ಲು ತಿಕ್ಕುವವರಲ್ಲ. ಇವರು ಒಂದು ಹಲ್ಲು ಕೀಳಿಸಿ ಜಾಗ ಹಾಗೇ ಬಿಟ್ಟಿದ್ದಾರೆ, ಅದಕ್ಕೇ ಪಕ್ಕದ್ದು ವಾಲಿದೆ. ಇವರು ತಂಬಾಕು ಇಡುವುದು ಬಲಗಲ್ಲದಲ್ಲಿ. "ನಮ್ಮ ಮಂದಿ ಹಲ್ಲಿನ ದವಾಖಾನಿಗೆ ಹೋಗೂದ ಕೀಳಸಾಕ್ರಿ. ತೂತು ಸಣ್ಣದಿದ್ದಾಗ ಹೋದ್ರ ಸಿಮೆಂಟ್ ತುಂಬತಾರ, ಮುಗೀತು. ಬ್ಯಾನಿ ಬಂದ ಮ್ಯಾಲೆ ಹೋದ್ರೂ ರೂಟ್ ಕೆನಾಲ್ ಮಾಡಿ, ಕ್ಯಾಪ್ ಹಾಕಿ ಹಲ್ಲು ಉಳಸತಾರ. ಅದೂ ಬ್ಯಾಡ ಅಂತ ಲವಂಗದ ಎಣ್ಣಿ ಹಚ್ಕೊಂಡು ಕುಂತವರೆಲ್ಲ ಕಡೀಕ ನನ್ನ ಕಡೆ ಬರತಾರ."

ಒಸಡಿನ ಮಾತು ಬಂದರಂತೂ ಅವರಿಗೆ ಸಿಟ್ಟೇ ಬರುತ್ತದೆ. "ತಿಕ್ಕುವಾಗ ರಕ್ತ ಬಂತಂದ್ರ ತಿಕ್ಕೂದ ಬಿಡತಾರ. ಕ್ಲೀನ್ ಮಾಡಿಸಿದ್ರ ಹಲ್ಲು ಅಳ್ಳಾಡತಾವು ಅಂತಾರ. ಬುಡಕ್ಕ ಕಲ್ಲಿನಂಗ ಹೊಲಸು ಕಟ್ಟಿದ ಹಲ್ಲು ಮೊದಲ ಸಡಲಾಗಿರತಾವ್ರಿ. ಹೊಲಸು ತಗದ ಮ್ಯಾಲೆ ಅದು ಗೊತ್ತಾಗತೈತಿ, ಅಷ್ಟ." ಇದನ್ನು ಕೇಳುತ್ತ ನನ್ನ ನಾಲಿಗೆ, ನಾನು ಎರಡು ವರ್ಷದಿಂದ ಮುಂದೂಡುತ್ತ ಬಂದ ತೂತು ಹಲ್ಲನ್ನು ಮುಟ್ಟಿ ಬರುತ್ತದೆ.

ಉಬ್ಬು ಕಂಡರೆ ಇಷ್ಟು ಅಂಜಿಕೆ ಏಕೆ ಎಂದು ಕೇಳಿದೆ. ತಿಕ್ಕುವ ಮಶೀನು ಬಂದ್ ಮಾಡಿ ಎದ್ದರು. ಮೇಲಿನ ಹಲಗೆಯಿಂದ ಒಂದು ಅಚ್ಚು ಇಳಿಸಿ ನನ್ನ ಮುಂದಿಟ್ಟರು. ಅದರ ತಳದಲ್ಲಿ ಪೆನ್ಸಿಲ್ಲಿನಲ್ಲಿ 31 ಎಂದು ಬರೆದಿದೆ.

ನಾಲ್ಕು ವರ್ಷದ ಹಿಂದೆ ಹಾನಗಲ್ಲ ತಾಲ್ಲೂಕಿನ ಆಡೂರಿಗೆ ಹೊರಗಿನ ತಂಡವೊಂದು ಬಂದು ಉಚಿತವಾಗಿ ಹಲ್ಲು ಕಟ್ಟಿಸುವ ಶಿಬಿರ ಮಾಡಿತು. ಒಂದೇ ದಿನದಲ್ಲಿ ನಲವತ್ತೆರಡು ಮಂದಿಯ ಅಳತೆ. ಹದಿನೈದನೇ ದಿನಕ್ಕೆ ಸೆಟ್ಟು ಹಂಚುವ ಸಮಾರಂಭವೂ ನಿಗದಿಯಾಗಿತ್ತು. ಕೆಲಸ ಫಕ್ಕೀರೇಶ ಅವರ ಪಾಲಿಗೆ ಬಂತು. ಅಚ್ಚುಗಳ ಮೇಲೆ ಹೆಸರಿರಲಿಲ್ಲ, ನಂಬರಿತ್ತು. "ಮೂವತ್ತೊಂದನೇದ್ರಾಗ ಒಂದು ಉಬ್ಬಿತ್ತು. ಗಾಳಿ ಅಂದ್ಕೊಂಡೆ, ಚಾಕು ತಗೊಂಡು ಕೆರದೆ. ಚಣದ ಕೆಲಸರಿ. ಆವತ್ತ ಅಂಥವು ಇಪ್ಪತ್ತಾದ್ರೂ ಕೆರದಿರಬೇಕು."

ಮೂವತ್ತೊಂದನೇ ನಂಬರು ಲಕ್ಕಪ್ಪ, ಆಡೂರಿನ ರೈತರು, ಆಗ ಅರವತ್ತೇಳು ವರ್ಷ. ಅವರ ಒಸಡಿನ ಮೇಲೆ ನಿಜವಾಗಿಯೂ ಒಂದು ಗಂಟಿತ್ತು. ನೋವಿರಲಿಲ್ಲ, ಅವರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಕೆರೆದ ಅಚ್ಚಿನ ಮೇಲೆ ಮಾಡಿದ ಹೊಸ ಸೆಟ್ಟು ಸರಿಯಾಗಿ ಆ ಗಂಟನ್ನೇ ಒತ್ತಿ ಕೂತಿತು. ಹೊಸ ಹಲ್ಲು ನಾಲ್ಕು ದಿನ ಚುಚ್ಚುತ್ತವೆ ಎಂದು ಸಮಾರಂಭದಲ್ಲಿ ಹೇಳಿದ್ದರು. ಲಕ್ಕಪ್ಪ ಎಂಟು ತಿಂಗಳು ಚುಚ್ಚಿಸಿಕೊಂಡರು. ಕೊನೆಗೆ ಹಾನಗಲ್ಲಿಗೆ ಬಂದಾಗ ಪ್ರಿಯಂವದಾ ಹುಣ್ಣು ನೋಡಿ ಅದೇ ದಿನ ಹುಬ್ಬಳ್ಳಿಗೆ ಕಳಿಸಿದರು. ಕ್ಯಾನ್ಸರ್ ಆಗಿತ್ತು. ಮೊದಲು ಹೇಗಿತ್ತೆಂದು ತಿಳಿಯಲು ಅಲ್ಲಿನ ಡಾಕ್ಟರು ಹಳೇ ಅಚ್ಚು ಕೇಳಿದರು. "ಉಬ್ಬು ಇರಬೇಕಾದ ಜಾಗದಾಗ ನನ್ನ ಚಾಕುವಿನ ಗುರುತಿತ್ರಿ," ಎನ್ನುತ್ತಾರೆ ಫಕ್ಕೀರೇಶ. ಆಪರೇಶನ್ ಆದ ಮೇಲೆ ಹದಿನಾಲ್ಕು ತಿಂಗಳು ಬದುಕಿ ಲಕ್ಕಪ್ಪ ತೀರಿಕೊಂಡರು.

ನಾನು ಪ್ರಿಯಂವದಾ ಅವರನ್ನೂ ಕೇಳಿದೆ. "ಆ ಗಂಟು ಅಳತಿ ತಗೋವಾಗಿಂದನ ಕ್ಯಾನ್ಸರ್ ಇತ್ತೋ ಇಲ್ಲೋ, ಈಗ ಯಾರಿಗೂ ಹೇಳ್ಲಿಕ್ಕೆ ಬರೂದಿಲ್ಲ. ಮೊದಲ ತಪ್ಪು ಅಳತಿ ತಗೊಂಡವರದು. ಬಾಯಿ ನೋಡದ ಅಳತಿ ತಗೋಬಾರದು. ಆದ್ರ ಎಂಟು ತಿಂಗಳು ಹೋತಲ್ಲ, ಅದು ಹೋಗಬಾರದಿತ್ತು," ಎಂದರು. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಕಲೆ, ಗಂಟು, ಇವು ನೋಯದಿದ್ದರೂ ತೋರಿಸಬೇಕು ಎಂಬುದು ಅವರ ಮಾತು. "ಹಲ್ಲ ಹೋದ ಮ್ಯಾಲೆ ಡಾಕ್ಟರ್ ಕಡೆ ಏನು ಕೆಲಸ ಅಂತಾರ. ಹಲ್ಲಿಲ್ಲದ ಬಾಯೀನೂ ವರ್ಷಕ್ಕೊಮ್ಮೆ ನೋಡಿಸ್ಬೇಕು."

ಕಥೆ ಇಲ್ಲಿಗೆ ಮುಗಿದಿದ್ದರೆ ಫಕ್ಕೀರೇಶ ಹೇಗೋ ಇರುತ್ತಿದ್ದರೇನೋ. ಹೋದ ವರ್ಷ ಲಕ್ಕಪ್ಪನವರ ಹೆಂಡತಿ ಯಂಕವ್ವ ವಿಳಾಸ ಹುಡುಕಿಕೊಂಡು ಸವಣೂರಿಗೇ ಬಂದರು. ಸ್ಟೀಲಿನ ಡಬ್ಬಿಯಲ್ಲಿ ಗಂಡನ ಸೆಟ್ಟು ತಂದಿದ್ದರು. ಹೆಚ್ಚು ಬಳಸಿಲ್ಲ, ಸ್ವಲ್ಪ ತಿಕ್ಕಿ ನನ್ನ ಬಾಯಿಗೆ ಕೂಡಿಸಿಕೊಡ್ರಿ ಎಂದು ಕೇಳಿದರು. ಒಬ್ಬರ ಸೆಟ್ಟು ಇನ್ನೊಬ್ಬರಿಗೆ ಆಗುವುದಿಲ್ಲವೆಂದು ಹೇಳಿ, ಪ್ರಿಯಂವದಾ ಅವರಿಂದ ಅಳತೆ ತೆಗೆಸಿ, ಫಕ್ಕೀರೇಶ ಹೊಸದನ್ನೇ ಮಾಡಿಕೊಟ್ಟರು. ಆರು ಸಾವಿರದಲ್ಲಿ ಅಷ್ಟು ಮನಸ್ಸಿಟ್ಟು ಮಾಡಿದ್ದು ಇನ್ನೊಂದಿಲ್ಲ ಎನ್ನುತ್ತಾರೆ ನುಜಹತ. ಅಂದಿನಿಂದ ಯಂಕವ್ವ ಈ ಕಡೆ ಬಂದಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿ ತಂದುಕೊಡುತ್ತಿದ್ದರು. ಚಾಕುವಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

"ಇದನ್ನೂ ಬರೀರಿ," ಎಂದರು ಫಕ್ಕೀರೇಶ. "ಅವರ ಮನಿಗೆ ಪೇಪರ್ ಬರತೈತಿ, ಮೊಮ್ಮಗಳು ಓದಿ ಹೇಳತಾಳ. ಅವರ ಮುಂದ ನನಗ ಬಾಯಿ ಬರವಲ್ದು." ಪೇಪರಿನಲ್ಲಿ ಓದಿ ತಿಳಿಯುವುದು ಸರಿಯಲ್ಲ, ಮೊದಲು ನೀವೇ ಹೋಗಿ ಹೇಳಿ, ಮನಸ್ಸು ಹಗುರಾಗುತ್ತದೆ ಎಂದೆ ನಾನು. ಬುದ್ಧಿ ಹೇಳುವುದು ನಮ್ಮಂಥವರಿಗೆ ಬಹಳ ಸಲೀಸು. ಅವರು ಸೋಮವಾರ ಆಡೂರಿಗೆ ಹೋಗಿ ಬಂದರು.

ಗುರುವಾರ ನಾನು ಹೋದಾಗ ಮೇಣ ಕರಗಿಸುತ್ತ ಕುಳಿತಿದ್ದರು. "ಚಹಾ ಕೊಟ್ರು. ನಾ ಹೇಳಿದ್ದೆಲ್ಲಾ ಕೇಳಿದ್ರು. ಆಮ್ಯಾಲೆ ಒಳಗ ಹೋಗಿ ಬಾಯಾಗಿನ ಸೆಟ್ಟು ತಗದು, ತೊಳದು, ಸೆರಗಿಲೆ ಒರಸಿ ತಂದು ನನ್ನ ಕೈಯಾಗ ಇಟ್ರು. ಇವನ್ನ ನನ್ನ ಬಾಯಾಗ ಇಡೂಕಿಂತ ಮೊದಲ ಹೇಳಬೇಕಿತ್ತು ನೀವು, ಅಂದ್ರು. ಹಲ್ಲಿಲ್ಲದ ಬಾಯಿ, ಮಾತು ಬರೋಬ್ಬರಿ ಬರತಿರಲಿಲ್ಲ. ನನಗ ಪೂರ್ತಿ ತಿಳೀತ್ರಿ."

ಬರೆಯಲು ಅನುಮತಿ ಕೇಳಬೇಕಿತ್ತು, ನಾನೂ ಆಡೂರಿಗೆ ಹೋದೆ. ಯಂಕವ್ವ ಪಡಸಾಲೆಯಲ್ಲಿ ಕುಳಿತು ರೊಟ್ಟಿಯನ್ನು ಚೂರು ಮಾಡಿ ಹಾಲಿನಲ್ಲಿ ನೆನೆಯಿಸುತ್ತಿದ್ದರು. "ಬರೀರಿ. ನಮ್ಮನಿಯವರ ಹೆಸರೂ ಹಾಕ್ರಿ," ಎಂದರು. ಇನ್ನೊಂದು ಚೂರು ರೊಟ್ಟಿಯನ್ನು ಹಾಲಿಗೆ ಹಾಕಿದರು. "ಅವರು ನೋಯ್ತೈತಿ ಅಂದಾಗ, ರೂಢಿ ಆಗತೈತಿ ಹಾಕ್ಕೋರಿ ಅಂದಕಿ ನಾನ. ಅದನ್ನೂ ಹಾಕ್ರಿ." ಹಾಕಿದ್ದೇನೆ. ಸೆಟ್ಟನ್ನು ಮತ್ತೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ, ಮಜ್ಜಿಗೆ ಕುಡಿಯುತ್ತೀರೇನು ಎಂದರು. ಹೇಳಿದರೆ ಹಗುರಾಗುತ್ತದೆ ಎಂದು ಫಕ್ಕೀರೇಶ ಅವರಿಗೆ ಹೇಳಿದ್ದಕ್ಕೆ ಆ ಹೊತ್ತು ನನಗೆ ನಾಚಿಕೆಯಾಯಿತು.

ಆ ಸೆಟ್ಟು ಈಗ ಸವಣೂರಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟದಲ್ಲಿದೆ. ಒಣಗಿದರೆ ಸೊಟ್ಟಾಗುತ್ತದೆ ಎಂದು ಫಕ್ಕೀರೇಶ ದಿನಾ ಬೆಳಿಗ್ಗೆ ನೀರು ಬದಲಿಸುತ್ತಾರೆ. ಯಂಕವ್ವ ಮತ್ತೆ ಬರುತ್ತಾರೆ ಎಂಬ ನಂಬಿಕೆಯೇ ಎಂದು ಕೇಳಿದೆ.

"ಬರಲಿಕ್ಕಿಲ್ರಿ. ಬ್ಯಾರೆ ಯಾರ ಕಡೆನರ ಮಾಡಿಸಿಕೊಳ್ಳಲಿ, ನನ್ನವ ಆಗಬೇಕಂತಿಲ್ಲ," ಎಂದರು. "ನನ್ನ ಮ್ಯಾಲಿನ ಸಿಟ್ಟಿಗೆ ಅವರು ರೊಟ್ಟಿ ನೆನಸಿಕೊಂಡು ತಿನ್ನೂದು ಬ್ಯಾಡ್ರಿ."